ನಾಲ್ಕು ಹೀರೋ, ಒಬ್ಬ ಡೈರೆಕ್ಟರ್... ಕಥೆ ಯಾರದು?

ನಾನು ಒಬ್ಬ ತಮ್ಮನನ್ನು ಕೊಲ್ಲಬೇಕಾಗಿತ್ತು. ಅವನು ಸಾಯಲು ಒಪ್ಪಲಿಲ್ಲ!

ಗಾಬರಿಯಾಗಬೇಡಿ ಮಿತ್ರರೇ, ಇದು ಪೊಲೀಸ್ ಸ್ಟೇಷನ್ನಿನ ಸುದ್ದಿಯಲ್ಲ. ಶ್ರೀರಾಮಪುರದ ನನ್ನ ತಾರಸಿ ರೂಮಿನಲ್ಲಿ, ಒಂದು ಭಾನುವಾರ ರಾತ್ರಿ, ಚಾಪೆಯ ಮೇಲೆ ನಡೆದ ಪ್ರಸಂಗ. ಆ ತಮ್ಮನ ಹೆಸರು ಸೂರಿ. ಅವನಿಗೊಬ್ಬ ಅಣ್ಣ, ಭೈರ. ಇಬ್ಬರೂ ಒಬ್ಬ ಪಾಳೆಯಗಾರನ ಕೋಟೆಯ ಕಾವಲುಗಾರರು. ದುಡ್ಡಿನಾಸೆಗೆ ಬಿದ್ದ ಸೂರಿ ನಡುರಾತ್ರಿ ಶತ್ರುಗಳಿಗೆ ಕೋಟೆ ಬಾಗಿಲು ತೆಗೆಯುತ್ತಾನೆ. ಭೈರ ಕಣ್ಣೀರು ಸುರಿಸುತ್ತಲೇ ತಮ್ಮನ ಎದೆಗೆ ಕತ್ತಿ ಇಳಿಸುತ್ತಾನೆ. ಮಳೆ, ಗುಡುಗು, ಅಣ್ಣನ ತೊಡೆಯ ಮೇಲೆ ತಮ್ಮನ ತಲೆ... ಶುಭಂ!

ಪಿಯುಸಿ ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ನಾನು ಬರೆದ ಮೊದಲ ಸಿನಿಮಾ ಕಥೆ ಅದು. ಗಾಂಧಿನಗರದ ಒಬ್ಬ ನಿರ್ಮಾಪಕರು ಹತ್ತು ನಿಮಿಷ ಕೇಳಿದರು. ಅದರಲ್ಲಿ ಏಳು ನಿಮಿಷ ಫೋನ್ ನೋಡಿದರು. "ಕ್ಲೈಮ್ಯಾಕ್ಸ್ ಮೊದಲೇ ಗೊತ್ತಾಗ್ಬಿಡತ್ತಲ್ರೀ" ಅಂದು ಕಾಫಿ ತರಿಸಿದರು. ಕಾಫಿ ಚೆನ್ನಾಗಿತ್ತು.

ಆ ಫೈಲನ್ನು ಬಿಸಾಡಲು ಮನಸ್ಸು ಬರಲಿಲ್ಲ. ಅದೇ ಹೊತ್ತಿಗೆ ನನ್ನ ಕೈಗೆ ಸಿಕ್ಕಿದ್ದು ಒಂದು ಆಟ.

ಬಣ್ಣವಿಲ್ಲ, ಕ್ಯಾಮೆರಾ ಇಲ್ಲ!

ಸ್ಪೀಲ್‌ಬರ್ಗ್ ಅವರ 'ಇ.ಟಿ.' ಚಿತ್ರ ನೋಡಿದ್ದೀರಾ? 1982ರದ್ದು. ಶುರುವಿನಲ್ಲೇ ಹುಡುಗರ ಗುಂಪೊಂದು ಮೇಜಿನ ಸುತ್ತ ಕೂತು ಏನೋ ಆಡುತ್ತಿರುತ್ತದೆ. ನಮ್ಮ ಪುಟ್ಟ ಹೀರೋ ಎಲಿಯಟ್ ತನ್ನನ್ನೂ ಸೇರಿಸಿಕೊಳ್ಳಿ ಅಂತ ಗೋಗರೆಯುತ್ತಾನೆ. ಅವರು ಅವನನ್ನು ಪಿಜ್ಜಾ ತರಲು ಅಟ್ಟುತ್ತಾರೆ. ಆ ಹುಡುಗರು ಆಡುತ್ತಿದ್ದುದು ಇದೇ ಜಾತಿಯ ಆಟ. ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಪಾತ್ರಧಾರಿಗಳ ಆಟ.

ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಒಬ್ಬ ಮಾತ್ರ ಬೇರೆ. ಫೈಟ್ ಮಾಸ್ಟರ್ ಗೊತ್ತು, ಡ್ಯಾನ್ಸ್ ಮಾಸ್ಟರ್ ಗೊತ್ತು, ಇವನು ಗೇಮ್ ಮಾಸ್ಟರ್! "ಎದುರಿಗೆ ಕಾಡು. ಮರದ ಮೇಲೆ ಏನೋ ಅಲ್ಲಾಡ್ತಿದೆ. ಏನ್ ಮಾಡ್ತೀರಿ?" ಅಂತ ಕೇಳುವವನು ಅವನು. "ನಾನು ಮರ ಹತ್ತುತ್ತೀನಿ" ಅನ್ನುತ್ತಾನೆ ಪಾತ್ರಧಾರಿ. ಹತ್ತಿದನೋ ಬಿದ್ದನೋ ಅನುಮಾನವಿದ್ದರೆ ದಾಳ ಉರುಳುತ್ತದೆ. ಹೆಚ್ಚು ಕಡೆ ಬಳಸುವುದು 20 ಮುಖದ ದಾಳ. ಮಾಸ್ಟರ್ ಹೇಳಿದ ಸಂಖ್ಯೆಗಿಂತ ಮೇಲೆ ಬಿದ್ದರೆ ಸೈ, ಕೆಳಗೆ ಬಿದ್ದರೆ ಫಜೀತಿ. ಸೋಲು ಗೆಲುವು ಅಂತ ಕೊನೆಯಿಲ್ಲ. ಕಥೆ ವಾರದಿಂದ ವಾರಕ್ಕೆ, ಧಾರಾವಾಹಿಯ ಹಾಗೆ ಸಾಗುತ್ತದೆ.

ಮಾಸ್ಟರ್ ಅಂದರೆ ಕಥೆ, ಸಂಭಾಷಣೆ, ನಿರ್ದೇಶನ, ಜೊತೆಗೆ ಎಲ್ಲ ವಿಲನ್‌ಗಳ ಪಾರ್ಟು! ಅಬ್ಬಾ, ನನಗೆ ಹೇಳಿ ಮಾಡಿಸಿದ ಕೆಲಸ ಅಂದುಕೊಂಡೆ. ನಿರ್ಮಾಪಕರು ಬೇಡ ಅಂದರೇನಂತೆ, ನನ್ನ ಸಿನಿಮಾ ಚಾಪೆ ಮೇಲೆ ಓಡಲಿ!

ಇಪ್ಪತ್ತು ಬಿದ್ದರೂ ಸೋತ ಹುಡುಗ

ನಾಲ್ವರು ಗೆಳೆಯರು ಬಂದರು. ಆರ್ಕೆಸ್ಟ್ರಾದಲ್ಲಿ ಹಾಡುವವನಿಗೆ ಅಣ್ಣ ಭೈರನ ಪಾತ್ರ. ಮೊಬೈಲ್ ರಿಪೇರಿ ಮಾಡುವವನಿಗೆ ತಮ್ಮ ಸೂರಿ. ಎಡಿಟಿಂಗ್ ಅಸಿಸ್ಟೆಂಟ್ ಒಬ್ಬ ಮಂತ್ರವಾದಿಯಾದ. ಮೆಜೆಸ್ಟಿಕ್ಕಿನ ಲಾಡ್ಜ್ ಒಂದರಲ್ಲಿ ರಾತ್ರಿ ಪಾಳಿ ಮಾಡುವವನು ಬೇಟೆಗಾರನಾದ.

ಮೊದಲೆರಡು ಗಂಟೆ ಸೊಗಸಾಗಿ ಹೋಯಿತು. ಆಮೇಲೆ ಆ ನಡುರಾತ್ರಿ ಬಂತು. ಶತ್ರುವಿನ ದೂತ ಚಿನ್ನದ ಗಂಟು ಹಿಡಿದು ಸೂರಿಯ ಮುಂದೆ ನಿಂತ.

"ನಾನು ತಗೊಳಲ್ಲ" ಅಂದ ಗೆಳೆಯ.

ನನ್ನ ಕಥೆಯ ಪ್ರಕಾರ ಅವನು ತಗೊಳ್ಳಲೇಬೇಕು! ದೂತ ಗಂಟನ್ನು ಎರಡು ಮಾಡಿದ. ಬೇಡ ಅಂದ. ಮದ್ದು ಬೆರೆಸಿದ ಪಾನಕ ಕುಡಿಸಿದೆ. ಕುಡಿಯದೆ ಚೆಲ್ಲಿದ. ಕೊನೆಗೆ ಒಬ್ಬ ಮಾಟಗಾರನನ್ನೇ ಕರೆಸಿ, ಸೂರಿಯ ಕೈ ತಾನಾಗೇ ಬಾಗಿಲ ಕಡೆ ಚಾಚುವಂತೆ ಮಾಡಿದೆ. "ತಡೆದುಕೊಳ್ತೀನಿ, ದಾಳ ಕೊಡು" ಅಂದ. ಉರುಳಿಸಿದ.

ಇಪ್ಪತ್ತು! ಇದಕ್ಕಿಂತ ಮೇಲೆ ಸಂಖ್ಯೆಯೇ ಇಲ್ಲ! ಉಳಿದ ಮೂವರು ಶಿಳ್ಳೆ ಹೊಡೆದರು.

ನಾನು ಏನಂದೆ ಗೊತ್ತೇ? "ಆದ್ರೂ ಮಾಟ ತುಂಬಾ ಬಲವಾಗಿದೆ, ಬಾಗಿಲು ತೆರ್ಕೊಳ್ತು" ಅಂದೆ.

ಅವನು ದಾಳವನ್ನು ಮೆಲ್ಲಗೆ ಕೆಳಗಿಟ್ಟ. "ಎಲ್ಲಾ ನೀನೇ ತೀರ್ಮಾನ ಮಾಡಿಟ್ಕೊಂಡಿದ್ರೆ ನಮ್ಮನ್ಯಾಕ್ ಕರೆದೆ? ಎಲ್ಲಾ ಪಾರ್ಟೂ ನೀನೇ ಮಾಡ್ಕೋ" ಅಂದ. ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಾ ಇನ್ನೊಂದು ಮಾತು ಹೇಳಿದ. "ಮನೇಲಿ ಅಣ್ಣ ಆಗ್ಲೇ ನನ್ನ ಕಳ್ಳ ಅಂತಾನೆ. ಅಂಗಡಿ ದುಡ್ಡು ಹೋಗಿದ್ದಕ್ಕೆ. ನಾನು ಮುಟ್ಟಿಲ್ಲ ಕಣೋ. ಇಲ್ಲೂ ನಾನೇ ಕಳ್ಳ ಆಗ್ಬೇಕಾ?"

ಮೆಟ್ಟಿಲಿಳಿದು ಹೋದವನು ಮೂರು ವಾರ ಫೋನ್ ಎತ್ತಲಿಲ್ಲ.

ತೋರಿಕೆಗೆ ಆಯ್ಕೆ ಕೊಟ್ಟು, ಎತ್ತ ತಿರುಗಿದರೂ ಮಾಸ್ಟರ್ ಹಾಕಿದ ಹಳಿಯ ಮೇಲೇ ಓಡಿಸುವುದಕ್ಕೆ ಈ ಆಟದವರು ಇಟ್ಟಿರುವ ಹೆಸರು ರೈಲ್‌ರೋಡಿಂಗ್. ನಾನು ಮಾಡಿದ್ದು ಅದೇ. ಒಬ್ಬ ಪ್ರಯಾಣಿಕ ಓಡುವ ರೈಲಿನಿಂದ ಹಾರಿದ್ದ.

ಡೈರೆಕ್ಟರ್ ಸೋತಾಗ ಹುಟ್ಟಿದ ಆಟ

ಆ ಮೂರು ವಾರ ನಾನು ಈ ಆಟದ ಚರಿತ್ರೆ ಓದಿದೆ. ಓದಿ ತಲೆ ಮೇಲೆ ಕೈ ಹೊತ್ತು ಕೂತೆ. ಯಾಕೆಂದರೆ ಈ ಆಟ ಹುಟ್ಟಿದ್ದೇ ಒಬ್ಬ ಮಾಸ್ಟರ್ ಕೈಯಿಂದ ಕಥೆ ಜಾರಿದಾಗ!

1969, ಅಮೆರಿಕದ ಮಿನ್ನೆಸೋಟ. ಡೇವಿಡ್ ವೆಸ್ಲಿ ಎಂಬ ಯುವಕ ನೆಪೋಲಿಯನ್ ಕಾಲದ ಯುದ್ಧದಾಟ ಏರ್ಪಡಿಸಿದ. ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು ಆಡುವ ಆಟ ಅದು. ಬ್ರೌನ್‌ಸ್ಟೈನ್ ಎಂಬ ಕಲ್ಪನೆಯ ಊರು. ಸೇನೆ ನಡೆಸುವವರ ಜೊತೆಗೆ ಒಬ್ಬನಿಗೆ ಊರಿನ ಮೇಯರ್, ಒಬ್ಬನಿಗೆ ಬ್ಯಾಂಕಿನವ, ಒಬ್ಬನಿಗೆ ವಿಶ್ವವಿದ್ಯಾಲಯದ ಕುಲಪತಿ ಅಂತ ಪಾತ್ರ ಹಂಚಿದ. ಆಮೇಲೆ ನೋಡಿ ಮಜಾ! ಯುದ್ಧ ಯಾರಿಗೂ ಬೇಡವಾಯಿತು. ಒಬ್ಬೊಬ್ಬರೂ ಮೂಲೆ ಸೇರಿ ಗುಸುಗುಸು, ಒಳಸಂಚು. ಇಬ್ಬರು ದ್ವಂದ್ವಯುದ್ಧಕ್ಕೇ ನಿಂತರು. ನಿಯಮ ಎಲ್ಲಿದೆ? ವೆಸ್ಲಿ ನಿಂತ ನಿಲುವಿನಲ್ಲೇ ಕಟ್ಟಬೇಕಾಯಿತು. ತನ್ನ ಆಟ ನೆಗೆದುಬಿತ್ತು ಅಂತ ಆತ ತಿಳಿದ. ಆಡಿದವರೋ, ಇನ್ನೊಂದು ಮಾಡು ಅಂತ ದುಂಬಾಲು ಬಿದ್ದರು.

ಆ ಗುಂಪಿನಲ್ಲೊಬ್ಬ ಖದೀಮನಿದ್ದ. ಡೇವ್ ಆರ್ನೆಸನ್. ಮುಂದೊಮ್ಮೆ ವೆಸ್ಲಿ ಲ್ಯಾಟಿನ್ ಅಮೆರಿಕದ ಒಂದು ಪುಟ್ಟ ದೇಶದ ಕಥೆ ಇಟ್ಟಾಗ ಆರ್ನೆಸನ್ನನಿಗೆ ಸಿಕ್ಕಿದ್ದು ಕ್ರಾಂತಿಕಾರಿ ವಿದ್ಯಾರ್ಥಿಯ ಪಾತ್ರ. ಆಸಾಮಿ ಬರುವಾಗಲೇ ಸಿಐಎ ಗೂಢಚಾರನ ನಕಲಿ ಕಾರ್ಡೊಂದನ್ನು ತಯಾರಿಸಿ ತಂದಿದ್ದನಂತೆ! ಅದನ್ನು ತೋರಿಸಿ ಎದುರಾಳಿಗಳನ್ನೇ ನಂಬಿಸಿ, ಕಡೆಗೆ ದೇಶದ ಖಜಾನೆಯ ಸಮೇತ ಹೆಲಿಕಾಪ್ಟರ್ ಹತ್ತಿ ಹಾರಿಹೋದನಂತೆ. ಯಾವ ನಿಯಮದ ಪುಸ್ತಕದಲ್ಲೂ ಇದು ಇರಲಿಲ್ಲ. ವೆಸ್ಲಿ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಅದೇ ಆರ್ನೆಸನ್ ತಾನೇ ಮಾಸ್ಟರ್ ಆಗಿ 'ಬ್ಲ್ಯಾಕ್‌ಮೂರ್' ಎಂಬ ಮಾಯಾಲೋಕ ಕಟ್ಟಿದ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿದ. 1974ರಲ್ಲಿ ಹೊರಬಂತು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಒಂದು ಡಬ್ಬಿ, ಮೂರು ಪುಟ್ಟ ಪುಸ್ತಕ, ಬೆಲೆ 10 ಡಾಲರ್. ಮೊದಲು ಅಚ್ಚಾಗಿದ್ದು ಬರೀ 1,000 ಪ್ರತಿ. ಗೈಗ್ಯಾಕ್ಸ್ 2008ರಲ್ಲಿ, ಆರ್ನೆಸನ್ 2009ರಲ್ಲಿ ತೀರಿಕೊಂಡರು. ಅವರ ಆಟ ಮಾತ್ರ 2023ರಲ್ಲಿ ಕ್ರಿಸ್ ಪೈನ್ ನಟಿಸಿದ 'ಆನರ್ ಅಮಾಂಗ್ ಥೀವ್ಸ್' ಆಗಿ ಬೆಳ್ಳಿತೆರೆಯ ಮೇಲೆ ಮೆರೆಯಿತು. ನಮ್ಮ ವಿನ್ ಡೀಸೆಲ್ ಕೂಡ ಈ ಆಟದ ಹುಚ್ಚನೇ. 2004ರಲ್ಲಿ ಆಟದ 30 ವರ್ಷದ ಪುಸ್ತಕಕ್ಕೆ ಮುನ್ನುಡಿ ಬರೆದವನು ಅವನು.

ಲಗಾಮೇ ಇಲ್ಲದ ಕುದುರೆ

ಇಷ್ಟು ಓದಿದ ಮೇಲೆ ನನಗೆ ಜ್ಞಾನೋದಯ! ಸರಿ, ಇನ್ನು ಹುಡುಗರು ಏನಂದರೂ ಆಗಲಿ ಅಂದುಬಿಡೋಣ. ಉಳಿದ ಮೂವರನ್ನು ಕರೆದು ಕೂರಿಸಿದೆ. "ಎಲ್ಲಿಗೆ ಬೇಕಾದ್ರೂ ಹೋಗಿ, ಏನ್ ಬೇಕಾದ್ರೂ ಮಾಡಿ" ಅಂದೆ.

ಅವರು ಸಂತೆಗೆ ಹೋದರು. ಕುದುರೆ ಕೊಂಡರು. ಕುದುರೆಗೆ ಹೆಸರಿಡಲು ಅರ್ಧ ಗಂಟೆ ಜಗಳವಾಡಿದರು. ಮಂತ್ರವಾದಿ ಮದುವೆಯಾಗುತ್ತೇನೆ ಅಂದ, ಆಗಲಿ ಅಂದೆ. ಬೇಟೆಗಾರ ಹಾರುತ್ತೇನೆ ಅಂದ, ಹಾರು ಅಂದೆ. ಹನ್ನೊಂದು ಗಂಟೆಗೆ ನೋಡಿದರೆ ಭೈರನ ಪಾತ್ರಧಾರಿ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದಾನೆ! ಎಲ್ಲವೂ ಆಗುತ್ತದೆ ಅಂದ ಮೇಲೆ ಯಾವುದಕ್ಕೂ ಎದೆ ಹೊಡೆದುಕೊಳ್ಳುವುದಿಲ್ಲ. ವಿಲನ್ ಇಲ್ಲದ ಫೈಟ್ ಯಾರಿಗೆ ಬೇಕು ಸ್ವಾಮಿ?

ಹಾಗಾದರೆ ಕಥೆ ಯಾರ ಕೈಲಿರಬೇಕು? ಮಾಸ್ಟರ್ ಹಿಡಿದರೆ ಉಸಿರು ಕಟ್ಟುತ್ತದೆ, ಬಿಟ್ಟರೆ ನಿದ್ದೆ ಬರುತ್ತದೆ!

ಇದು ನನ್ನೊಬ್ಬನ ಪಾಡಲ್ಲ. 1984ರಲ್ಲಿ ಟ್ರೇಸಿ ಹಿಕ್‌ಮನ್, ಮಾರ್ಗರೆಟ್ ವೈಸ್ ಮತ್ತವರ ತಂಡ 'ಡ್ರ್ಯಾಗನ್‌ಲ್ಯಾನ್ಸ್' ಎಂಬ ಸರಣಿ ತಂದರು. ಪಾತ್ರಗಳೂ ತಯಾರು, ಮಹಾಕಥೆಯೂ ತಯಾರು. ಮುಂದಿನ ಕಂತಿಗೆ ಬೇಕಾದ ಪಾತ್ರ ನಡುವೆ ಸತ್ತರೆ? ಅದಕ್ಕೂ ಉಪಾಯವಿತ್ತು. ಹೆಣ ಕಣ್ಣಿಗೆ ಬೀಳದ ಹಾಗೆ ಸಾಯಿಸಿ, ಆಮೇಲೆ ಬದುಕಿ ಬಂದ ಅನ್ನಬಹುದು ಅಂತ ಮಾಸ್ಟರ್‌ಗೆ ಸಲಹೆ! ಪ್ರಪಾತಕ್ಕೆ ಬಿದ್ದ ಹೀರೋ ಇಂಟರ್ವಲ್ ಆದಮೇಲೆ ಗಡ್ಡ ಬಿಟ್ಟುಕೊಂಡು ಬರುವುದಿಲ್ಲವೇ, ಹಾಗೆ. ಅದನ್ನು ಮೆಚ್ಚಿದವರೂ ಉಂಟು, ಹಳಿ ಹಾಕಿದರು ಅಂತ ಬೈದವರೂ ಉಂಟು. ಇನ್ನೊಂದು ತುದಿಯಲ್ಲಿ 2009ರ 'ಫಿಯಾಸ್ಕೋ'. ಜೇಸನ್ ಮಾರ್ನಿಂಗ್‌ಸ್ಟಾರ್ ಅವರ ಈ ಆಟಕ್ಕೆ ಮಾಸ್ಟರೇ ಇಲ್ಲ! ದರೋಡೆ ಮಾಡಲು ಹೋಗಿ ಎಲ್ಲ ಕೆಡಿಸಿಕೊಳ್ಳುವ ಸಿನಿಮಾಗಳಂಥ ಕಥೆಯನ್ನು ಆಡುವವರೇ ಸರದಿಯ ಮೇಲೆ ದೃಶ್ಯ ಕಟ್ಟುತ್ತಾ ಹೋಗುತ್ತಾರೆ.

ವಾಲಿ ಸಾಯುವುದು ಎಲ್ಲರಿಗೂ ಗೊತ್ತು

ಉತ್ತರ ಸಿಕ್ಕಿದ್ದು ನನ್ನ ಅಜ್ಜಿಯ ಊರಿನ ನೆನಪಿನಲ್ಲಿ. ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ತಾಳಮದ್ದಳೆ ಕೇಳಿ ಬೆಳೆದವನು ನಾನು. ಅಲ್ಲೂ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದಕ್ಕೆ ಸ್ಥಳದಲ್ಲೇ ಮಾತು ಕಟ್ಟುತ್ತಾನೆ. ವಾಲಿವಧೆಯ ಪ್ರಸಂಗವಾದರೆ ವಾಲಿ ಸಾಯಲೇಬೇಕು. ಆದರೆ ಸಾಯುವ ಮುನ್ನ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಅವನು ಏನು ಕೇಳುತ್ತಾನೆ? ರಾಮ ಏನು ಹೇಳಿ ತಪ್ಪಿಸಿಕೊಳ್ಳುತ್ತಾನೆ? ಅದು ಯಾರಿಗೂ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥ ಅಂದರೆ ಜನ ಮುಗಿಬೀಳುತ್ತಿದ್ದುದು ಅದಕ್ಕೇ. ಮಾತು ಅತಿಯಾಯಿತೋ, ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಹಿಡಿತವೂ ಉಂಟು, ಬಿಡುವೂ ಉಂಟು.

ಆದರೆ ಒಂದು ಮುಖ್ಯ ಮಾತು ಗಮನಿಸಿ. ಅಲ್ಲಿ ವಾಲಿಯ ಪಾತ್ರಧಾರಿಗೆ ತಾನು ಸಾಯುತ್ತೇನೆ ಅಂತ ಮೊದಲೇ ಗೊತ್ತು. ಒಪ್ಪಿಯೇ ಕೂತಿರುತ್ತಾನೆ. ನಾನು ಮಾಡಿದ್ದೇನು? ಸೂರಿ ಬಾಗಿಲು ತೆಗೆಯಲೇಬೇಕು ಅಂತ ತೀರ್ಮಾನಿಸಿ, ಅದನ್ನು ಮುಚ್ಚಿಟ್ಟು, ದಾಳ ಕೈಗೆ ಕೊಟ್ಟೆ! ಕಥೆಗೆ ಕೊನೆ ಇಟ್ಟುಕೊಂಡಿದ್ದು ನನ್ನ ತಪ್ಪಲ್ಲ. ಇಲ್ಲದ ಆಯ್ಕೆಯನ್ನು ಇದೆ ಅಂತ ತೋರಿಸಿದ್ದು ತಪ್ಪು. ಅದಕ್ಕೆ ನಮ್ಮೂರಲ್ಲಿ ಮೋಸ ಅನ್ನುತ್ತಾರೆ.

ಬೆಲೆ ಮೊದಲು, ದಾಳ ಆಮೇಲೆ

ಇಂದಿರಾನಗರದ ಒಂದು ಆಟದ ಕೆಫೆಗೆ ಹೋಗಿ, ಮಾಸ್ಟರ್ ಕೆಲಸದಲ್ಲಿ ಪಳಗಿದ ಒಬ್ಬ ಹೆಣ್ಣುಮಗಳ ಪಕ್ಕ ಸುಮ್ಮನೆ ಕೂತೆ. ಹಗಲು ಕಂಪ್ಯೂಟರ್ ಕಂಪನಿ, ಶನಿವಾರ ಸಂಜೆ ಮಾಯಾಲೋಕ! ಆಕೆಯಿಂದ ಕಲಿತದ್ದು ಮೂರೇ ಮಾತು.

ಒಂದು, ಕೊನೆ ಬರೆಯಬೇಡ, ಇಕ್ಕಟ್ಟು ಬರೆ. ಶತ್ರು ಎಲ್ಲಿದ್ದಾನೆ, ಅವನಿಗೇನು ಬೇಕು, ಯಾರೂ ತಡೆಯದಿದ್ದರೆ ನಾಳೆ ಏನು ಮಾಡುತ್ತಾನೆ, ಇಷ್ಟು ಸಾಕು. ಹೀರೋಗಳ ಹೆಜ್ಜೆ ಹೀರೋಗಳಿಗೇ ಬಿಡು.

ಎರಡು, ಬೆಲೆ ಮೊದಲು ಹೇಳು, ದಾಳ ಆಮೇಲೆ ಉರುಳಲಿ. "ಆ ಗೋಡೆ ಹಾರಬಹುದು. 15ರ ಕೆಳಗೆ ಬಿದ್ದರೆ ಕಾಲು ಮುರಿಯುತ್ತೆ. ಹಾರ್ತೀಯಾ?" ಒಪ್ಪಿ ಉರುಳಿಸಿದವನು ಸೋತರೂ ಸಿಟ್ಟಾಗುವುದಿಲ್ಲ. ಬಿದ್ದ ಸಂಖ್ಯೆಯನ್ನು ಒಪ್ಪಿಕೊಳ್ಳಲು ನಿನಗೆ ಧೈರ್ಯವಿಲ್ಲದಿದ್ದರೆ ದಾಳವನ್ನೇ ಮುಟ್ಟಬೇಡ.

ಮೂರು, ಆಟಕ್ಕೆ ಮುಂಚೆ ಕೂತು ಮಾತಾಡು. ಎಂಥ ಕಥೆ, ಯಾರಿಗೆ ಏನು ಬೇಡ ಅಂತ ಕೇಳು. ಇದಕ್ಕೆ ಸೆಷನ್ ಝೀರೋ ಅನ್ನುತ್ತಾರಂತೆ. ನಾನು ಆವತ್ತು ಒಂದು ಮಾತು ಕೇಳಿದ್ದರೆ, ಮನೆಯಲ್ಲಿ ಕಳ್ಳ ಅನ್ನಿಸಿಕೊಂಡ ಹುಡುಗನಿಗೆ ಕಳ್ಳನ ಪಾತ್ರ ಕೊಡುತ್ತಿದ್ದೆನೇ?

'ಸ್ಟ್ರೇಂಜರ್ ಥಿಂಗ್ಸ್' ನೋಡಿದವರಿಗೆ ನೆನಪಿರಬಹುದು. 2016ರಲ್ಲಿ ಬಂದ ಮೊದಲ ಕಂತು. ನಾಲ್ವರು ಹುಡುಗರು ಇದೇ ಆಟ ಆಡುತ್ತಿದ್ದಾರೆ. ವಿಲ್ ಗೆಲ್ಲಬೇಕಾದರೆ 13 ಬೀಳಬೇಕು. ದಾಳ ಮೇಜಿನಿಂದ ಹಾರಿ ಎಲ್ಲೋ ಬಿತ್ತು. ಮಾಸ್ಟರ್ ಮೈಕ್ ನೋಡಲೇ ಇಲ್ಲ. ಸುಮ್ಮನಿರಬಹುದಿತ್ತು. ಮನೆಗೆ ಹೊರಡುವಾಗ ವಿಲ್ ತಾನಾಗೇ ಬಂದು ಹೇಳುತ್ತಾನೆ, ಬಿದ್ದದ್ದು ಏಳು ಅಂತ. ಆ ಪುಟ್ಟ ಹುಡುಗನಿಗಿದ್ದ ಪ್ರಾಮಾಣಿಕತೆ ಇಪ್ಪತ್ತು ಬಿದ್ದಾಗ ನನಗಿರಲಿಲ್ಲ!

ಮತ್ತೆ ಅದೇ ಬಾಗಿಲು

ಫೋನ್ ಬಿಟ್ಟು ಅವನ ಅಂಗಡಿಗೇ ಹೋದೆ. ಯಾರದೋ ಫೋನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. "ಇಪ್ಪತ್ತು ಬಿದ್ದಿತ್ತು. ಬಾಗಿಲು ತೆರೀಲಿಲ್ಲ. ನಾನು ಸುಳ್ಳು ಹೇಳ್ದೆ" ಅಂದೆ. ತಲೆಯೆತ್ತಲಿಲ್ಲ. ಸ್ಕ್ರೂ ತಿರುಗಿಸುತ್ತಲೇ "ಎಷ್ಟು ಗಂಟೆಗೆ?" ಅಂದ.

ಭಾನುವಾರ ಐವರೂ ಕೂತೆವು. ಅದೇ ಕೋಟೆ, ಅದೇ ರಾತ್ರಿ. ಈ ಸಲ ನನ್ನ ಕೈಲಿ ಇದ್ದದ್ದು ಇಷ್ಟೇ: ಹೊರಗೆ ಮುನ್ನೂರು ಜನ ಶತ್ರುಗಳು, ಒಳಗೆ ನಲವತ್ತು ಜನ ಕಾವಲುಗಾರರು, ಬೆಳಗಾಗುವುದರೊಳಗೆ ದಾಳಿ.

ಬೇಟೆಗಾರ ಬಿಲ್ಲು ಎಣಿಸಿದ. ಮಂತ್ರವಾದಿ ಏನೋ ಗೊಣಗಿದ. ಸೂರಿಯ ಪಾತ್ರಧಾರಿ ಬಹಳ ಹೊತ್ತು ಸುಮ್ಮನಿದ್ದು, "ದೂತ ಕೊಟ್ಟ ಚಿನ್ನದ ಗಂಟು ಎಲ್ಲಿದೆ?" ಅಂದ.

"ಬಾಗಿಲ ಹತ್ರಾನೇ ಬಿದ್ದಿದೆ."

"ಅದನ್ನ ತಗೊಂಡು ದಿಡ್ಡಿ ಬಾಗಿಲಿಂದ ಹೊರಗೆ ಹೋಗ್ತೀನಿ. ನಾನು ನಿಮ್ಮೋನೇ, ಗುಟ್ಟು ದಾರಿ ತೋರಿಸ್ತೀನಿ ಅಂತ ನಂಬಿಸಿ ಶತ್ರುಗಳನ್ನ ಕಾಡಿಗೆ ಎಳ್ಕೊಂಡು ಹೋಗ್ತೀನಿ."

ನನ್ನ ಮೈ ಜುಮ್ಮೆಂದಿತು. ಆರ್ನೆಸನ್ನನ ಕಾರ್ಡು! ಈ ಹುಡುಗನಿಗೆ ಆರ್ನೆಸನ್ ಯಾರು ಅಂತಲೇ ಗೊತ್ತಿಲ್ಲ.

ಬೆಲೆ ಹೇಳಿದೆ. "14 ಬೀಳಬೇಕು. ಕಡಿಮೆ ಬಿದ್ರೆ ಅವ್ರಿಗೆ ಅನುಮಾನ ಬರುತ್ತೆ. ಇನ್ನೊಂದು. ನೀನು ಗಂಟು ಹಿಡ್ಕೊಂಡು ಹೊರಗೆ ಹೋಗೋದನ್ನ ಗೋಡೆ ಮೇಲಿನೋರೆಲ್ಲಾ ನೋಡ್ತಾರೆ. ನಿನ್ನ ದ್ರೋಹಿ ಅಂದ್ಕೋತಾರೆ. ಒಪ್ಪಿಗೆನಾ?"

ಅವನು ಭೈರನ ಕಡೆ ನೋಡಿದ. "ಅಣ್ಣಂಗೆ ಗೊತ್ತಿದ್ರೆ ಸಾಕು" ಅಂದ. ಉರುಳಿಸಿದ.

ಒಂಬತ್ತು.

ಯಾರೂ ಉಸಿರೆತ್ತಲಿಲ್ಲ. ನಾನು ದಾಳ ಮುಟ್ಟಲಿಲ್ಲ, ಸಂಖ್ಯೆ ತಿರುಚಲಿಲ್ಲ. "ಶತ್ರು ನಾಯಕ ನಕ್ಕ. ಸೂರಿ ಕೈಗೆ ಹಗ್ಗ ಬಿತ್ತು. ಕೋಟೆ ಬಾಗಿಲ ಎದುರಿಗೇ ಮಂಡಿಯೂರಿಸಿ ಕತ್ತಿ ಎತ್ತಿದ್ದಾರೆ. ಗೋಡೆ ಮೇಲಿನೋರು, ದ್ರೋಹಿಗೆ ತಕ್ಕ ಶಾಸ್ತಿ ಅಂತ ಕೂಗ್ತಿದ್ದಾರೆ. ಭೈರ, ಏನ್ ಮಾಡ್ತೀಯಾ?"

ಆರ್ಕೆಸ್ಟ್ರಾ ಗೆಳೆಯ ಒಂದು ಕ್ಷಣವೂ ಯೋಚಿಸಲಿಲ್ಲ.

"ನನ್ ತಮ್ಮ ಅವನು. ಬಾಗಿಲು ತೆಗೀತೀನಿ."

ನೋಡಿದಿರಾ ಮಿತ್ರರೇ! ನನ್ನ ಕಥೆಯಲ್ಲಿ ತಮ್ಮ ತೆಗೆದ ಬಾಗಿಲನ್ನು ಇಲ್ಲಿ ಅಣ್ಣ ತೆಗೆದ. ಅಲ್ಲಿ ದುಡ್ಡಿಗೆ, ಇಲ್ಲಿ ತಮ್ಮನಿಗೆ. ಎರಡು ವರ್ಷ ಪೆನ್ನು ಕಚ್ಚುತ್ತಾ ಕೂತ ನನಗೆ ಹೊಳೆಯದ ಕ್ಲೈಮ್ಯಾಕ್ಸ್ ಒಂದು ಒಂಬತ್ತರಿಂದ ಹೊರಬಿತ್ತು. ಸೂರಿಯ ಪಾತ್ರಧಾರಿ ಎದ್ದು, ನೀರು ಕುಡಿಯುವ ನೆಪದಲ್ಲಿ ತಾರಸಿಗೆ ಹೋಗಿ ಐದು ನಿಮಿಷ ನಿಂತು ಬಂದ. ಯಾಕೆ ಅಂತ ನಾವು ಕೇಳಲಿಲ್ಲ.

ಅಂದ ಹಾಗೆ, ಬಾಗಿಲು ತೆರೆಯಿತಲ್ಲ, ಮುನ್ನೂರು ಜನ ನುಗ್ಗಿದರೇ? ಕೋಟೆ ಉಳಿಯಿತೇ?

ನನ್ನಾಣೆಗೂ ನನಗೆ ಗೊತ್ತಿಲ್ಲ. ಮುಂದಿನ ಭಾನುವಾರ ಏಳು ಗಂಟೆಗೆ ಕೂರುತ್ತಿದ್ದೇವೆ.